ಮಮ್ಮಿ ಮಲಗ್ಯಾಳ

ನಮ್ಮ ಮನೆ ಮಸ್ಕಿಯಲ್ಲಿದೆ. ಮಸ್ಕಿ ನನ್ನ ತವರೂ ಅಲ್ಲ, ಗಂಡನ ಊರೂ ಅಲ್ಲ. ನಾನು ಸಿಂಧನೂರು ದಾಟಿ ಆರ್.ಎಚ್. ಕ್ಯಾಂಪಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಗಂಡ ಲಿಂಗಸುಗೂರಿನ ಆಚೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಾರೆ. ಬೆಳಗಾದರೆ ಒಬ್ಬರು ಈ ಕಡೆಯ ಬಸ್ಸು, ಇನ್ನೊಬ್ಬರು ಆ ಕಡೆಯ ದಾರಿ. ಹಟ್ಟಿಯಲ್ಲಿ ಕಂಪನಿಯ ಮನೆ ಸಿಗುತ್ತಿತ್ತು. ಅಲ್ಲಿಗೆ ಹೋದರೆ ನನ್ನ ಬಸ್ಸಿನ ದಾರಿ ಮುಗಿಯುತ್ತಲೇ ಇರಲಿಲ್ಲ. ಸಿಂಧನೂರಿನಲ್ಲಿ ಮನೆ ಮಾಡಿದರೆ ಅವರ ದಾರಿ ಹಾಗಾಗುತ್ತಿತ್ತು. ತೊಂದರೆ ಇಬ್ಬರಿಗೂ ಅರ್ಧರ್ಧ ಇರಲಿ ಎಂದು ಮಸ್ಕಿಯ ಬೆಟ್ಟದ ಬುಡದಲ್ಲಿ ಮೇಲಂತಸ್ತಿನ ಒಂದು ಬಾಡಿಗೆ ಮನೆ ಹಿಡಿದೆವು. ಅರ್ಧರ್ಧ ಅಂದುಕೊಂಡದ್ದು ಹೇಗೋ ಇಬ್ಬರಿಗೂ ಇಡಿಯಾಗಿಯೇ ಬಂತು.

ನಮಗೆ ಇಬ್ಬರು ಮಕ್ಕಳು. ಮಗಳು ಎರಡನೇ ತರಗತಿ, ಮಗನಿಗೆ ಇನ್ನೂ ಶಾಲೆಯ ವಯಸ್ಸಲ್ಲ. ಅವನನ್ನು ನೋಡಿಕೊಳ್ಳಲು ನಮ್ಮ ಅತ್ತೆ ವಳಕಮದಿನ್ನಿಯಿಂದ ಬಂದು ನಮ್ಮ ಜೊತೆಗಿದ್ದರು. ಅವರ ಇಡೀ ಬಾಳು ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ಹೋಗಿತ್ತು. ಮಾವ ತೀರಿಕೊಂಡ ಮೇಲೆ ಗದ್ದೆಯನ್ನು ನನ್ನ ಮೈದುನನಿಗೆ ಒಪ್ಪಿಸಿ, ಒಂದು ಟ್ರಂಕು ಮತ್ತು ಒಂದು ಕೌದಿ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿದ್ದರು.

ಮನೆಯಲ್ಲಿ ಒಂದು ಕಾನೂನು ಇತ್ತು. ಯಾರೂ ಮಾಡಿದ್ದಲ್ಲ, ತಾನೇ ಆಗಿದ್ದು. ನನ್ನ ಗಂಡನದು ಶಿಫ್ಟ್ ಕೆಲಸ. ಒಂದು ವಾರ ಬೆಳಗು, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ರಾತ್ರಿ ಪಾಳಿ ಮುಗಿಸಿ ಬಂದು ಅವರು ಹಗಲಿನಲ್ಲಿ ಮಲಗಿದರೆಂದರೆ ಮನೆಗೆ ಮನೆಯೇ ಉಸಿರು ಬಿಗಿ ಹಿಡಿಯುತ್ತಿತ್ತು. ಕಣ್ಣಿನ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಫ್ಯಾನು ಜೋರು ಮಾಡಿಕೊಂಡು ಒಳಗಿನ ಖೋಲಿಯಲ್ಲಿ ಮಲಗುತ್ತಿದ್ದರು. ಹೊರಗೆ ನಾವು ಪಿಸುಮಾತಿನಲ್ಲಿ ಮಾತಾಡುತ್ತಿದ್ದೆವು. ಸ್ಟೀಲಿನ ಪಾತ್ರೆ ತೊಳೆಯುವುದನ್ನು ಮುಂದಕ್ಕೆ ಹಾಕುತ್ತಿದ್ದೆವು. ಯಾರಾದರೂ ಬಾಗಿಲು ಬಡಿದರೆ ಮಗಳು ಓಡಿಹೋಗಿ ತುಟಿಯ ಮೇಲೆ ಬೆರಳಿಟ್ಟು, "ಪಪ್ಪ ಮಲಗ್ಯಾನ" ಅನ್ನುತ್ತಿದ್ದಳು. ಮಗ ಮಾತು ಕಲಿಯುತ್ತಿದ್ದ. ಅವನಿಗೆ ಬಂದ ಮೊದಲ ಪೂರ್ಣ ವಾಕ್ಯ ಅದೇ.

ಇದರ ಬಗ್ಗೆ ನನಗೆ ಸಿಟ್ಟಿರಲಿಲ್ಲ. ನೆಲದ ಒಳಗೆ ಇಳಿದು ದುಡಿಯುವ ಮನುಷ್ಯನ ನಿದ್ದೆ ಕೆಟ್ಟರೆ ಏನಾಗಬಹುದು ಎಂಬ ಹೆದರಿಕೆ ನನಗೇ ಎಲ್ಲರಿಗಿಂತ ಹೆಚ್ಚು. ಆದರೆ ನಾನು ಯಾವಾಗ ಮಲಗುತ್ತೇನೆ ಎಂಬುದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಎಲ್ಲರ ಕೊನೆಗೆ ಮಲಗುವುದು, ಎಲ್ಲರ ಮೊದಲು ಏಳುವುದು. ನಡುವೆ ಮಗ ಒಮ್ಮೆ ನೀರು ಕೇಳುವುದು, ಒಮ್ಮೆ ಕಥೆ ಕೇಳುವುದು. ಬಸ್ಸಿನಲ್ಲಿ ನಿಂತುಕೊಂಡು ಪಾಠ ತಯಾರಿ. ಹಿಮ್ಮಡಿ ಒಡೆದು ಸೀರೆಯ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡು ಎಷ್ಟು ಕಾಲವಾಗಿತ್ತೋ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಏನೋ ಆಗತೊಡಗಿತು. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕವೊಂದನ್ನು ಬಿಡಿಸಿ, ಒರೆಸಿ, ಮತ್ತೆ ಅದೇ ಲೆಕ್ಕವನ್ನು ಮೊದಲಿನಿಂದ ಬಿಡಿಸಿದೆ. ಗಂಟೆ ಹೊಡೆದ ಮೇಲೆ ಮುಂದಿನ ಬೆಂಚಿನ ಹುಡುಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಮಿಸ್, ಆ ಲೆಕ್ಕ ಆಗ್ಲೇ ಮಾಡಿದ್ರಿ."

"ಮತ್ತ ಆವಾಗ್ಲೇ ಯಾಕ ಹೇಳ್ಲಿಲ್ಲ?"

"ನೀವು ಬೈತೀರಿ ಅಂತ ಅಲ್ರಿ ಮಿಸ್. ನಿಮ್ಮ ಮಕ ಹಂಗಿತ್ತು. ಯಾರೂ ಹೇಳಬ್ಯಾಡ್ರಿ ಅಂತ ಎಲ್ಲರಿಗೂ ಸನ್ನಿ ಮಾಡಿದೆ."

ಅಷ್ಟು ಚಿಕ್ಕ ಹುಡುಗಿ ನನ್ನ ಮೇಲೆ ಕನಿಕರ ಪಟ್ಟದ್ದು ನನಗೆ ನಾಚಿಕೆ ತಂದಿತು. ಸ್ಟಾಫ್ ರೂಮಿಗೆ ಹೋಗಿ ಮುಖ ತೊಳೆದುಕೊಂಡು ಕನ್ನಡಿ ನೋಡಿದೆ. ನನ್ನ ಮುಖ ನಿಜಕ್ಕೂ ಹಾಗೇ ಇತ್ತು.

ಅದಾದ ಕೆಲವು ದಿನಕ್ಕೆ ಬಸ್ಸಿನ ಸಂಗತಿ ನಡೆಯಿತು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿದೆ. ಅಪರೂಪಕ್ಕೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಊರು ದಾಟುವ ತನಕ ಎಚ್ಚರವಿದ್ದೆ. ಆಮೇಲೆ ನನಗೆ ನೆನಪಿರುವುದು ಕಂಡಕ್ಟರ್ ಸೀಟಿನ ಕಂಬಿಗೆ ಟಿಕೆಟ್ ಮಷಿನ್ನಿನಿಂದ ಬಡಿಯುತ್ತಿದ್ದ ಸದ್ದು.

"ಮೇಡಂರೀ, ಏಳ್ರಿ. ಲಾಸ್ಟ್ ಸ್ಟಾಪ್. ಲಿಂಗಸೂರು."

"ಮಸ್ಕಿ?"

"ಮಸ್ಕಿ ಯಾವಾಗೋ ಹೋತ್ರಿ. ಮಸ್ಕ್ಯಾಗ ಎಬ್ಬಿಸೀನ್ರಿ ನಿಮ್ಮನ್ನ. ಕಣ್ ತೆಗದು ಹೂಂ ಅಂದ್ರಿ. ಇಳೀತಾರ ಅಂತ ನಾ ಮುಂದ ಹೋದೆ. ಮತ್ತ ಮಕ್ಕಂಡೀರಿ."

ಬಸ್ಸು ಖಾಲಿಯಾಗಿತ್ತು. ಕೆನ್ನೆಯ ಮೇಲೆ ಕಿಟಕಿಯ ಕಂಬಿಯ ಗೆರೆ ಮೂಡಿತ್ತು. ಇಳಿದು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೆ. ಮಸ್ಕಿಯ ಕಡೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಏಳಬೇಕು ಅಂದುಕೊಂಡೆ. ಕಾಲು ಏಳಲಿಲ್ಲ. ಆ ಬಸ್ಸು ಹೋಯಿತು. ಚಹಾ ತರಿಸಿಕೊಂಡು ಕುಡಿದೆ. ಇನ್ನೊಂದು ಬಸ್ಸು ಬಂತು, ಅದೂ ಹೋಯಿತು. ಸಂಜೆಯ ಬಿಸಿಲು ಪ್ಲಾಟ್‌ಫಾರಂ ಮೇಲೆ ಉದ್ದಕ್ಕೆ ಬಿದ್ದಿತ್ತು. ಶೇಂಗಾ ಮಾರುವವಳು, ಕಾಲೇಜು ಹುಡುಗಿಯರು, ತಲೆಯ ಮೇಲೆ ಗಂಟು ಹೊತ್ತ ಮುದುಕ, ಯಾರಿಗೂ ನನ್ನಿಂದ ಏನೂ ಬೇಕಾಗಿರಲಿಲ್ಲ. ಎಷ್ಟೋ ವರ್ಷದ ಮೇಲೆ ನಾನೊಬ್ಬಳೇ ಒಂದು ಕಡೆ ಕುಳಿತಿದ್ದೆ.

ಅಷ್ಟರಲ್ಲಿ ಅತ್ತೆಯ ಫೋನ್ ಬಂತು.

"ಎಲ್ಲದೀಯವ್ವಾ? ಹೊತ್ತು ಮುಳುಗಾಕ ಬಂತು."

"ಲಿಂಗಸೂರಾಗ ಅದೀನ್ರಿ ಅತ್ತಿ. ಬಸ್ಸಿನ್ಯಾಗ ನಿದ್ದಿ ಹತ್ತಿಬಿಡ್ತು, ಮಸ್ಕಿ ದಾಟಿ ಬಂದೀನಿ."

"ಮತ್ತ ಬಸ್ ಇಲ್ಲೇನು?"

"ಅದಾವ್ರಿ."

"ಹತ್ತಿ ಏನು?"

"ಇಲ್ರಿ. ಕುಂತೀನಿ."

"ಯಾಕ ಕುಂತಿ?"

"ಸುಮ್ನ."

ಹಿಂದೆ ಮಗ ಅಳುತ್ತಿದ್ದ. "ಸುಮ್ನ ಅಂದ್ರ?" ಎಂದು ಅತ್ತೆ ಕೇಳಿದರು. ಆ ದನಿಯಲ್ಲಿ ನನಗೆ ಸಿಟ್ಟು ಕೇಳಿಸಲಿಲ್ಲ, ದಿಗಿಲು ಕೇಳಿಸಿತು. ಬರ್ತೀನ್ರಿ ಎಂದು ಫೋನ್ ಇಟ್ಟೆ.

ಅತ್ತೆ ತಕ್ಷಣ ನನ್ನ ಗಂಡನಿಗೆ ಫೋನ್ ಮಾಡಿದ್ದರು. ನಿನ್ನ ಹೆಂಡತಿ ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕುಂತಾಳಂತೆ, ಜಲ್ದಿ ಹೋಗು ಎಂದಿದ್ದರು. ಅವರದು ಆ ವಾರ ಬೆಳಗಿನ ಪಾಳಿ. ಪಾಳಿ ಮುಗಿಸಿ ಯಾವುದೋ ಕೆಲಸಕ್ಕೆಂದು ಹಟ್ಟಿಯಲ್ಲೇ ಉಳಿದಿದ್ದರು. ಬೈಕು ಹೊಡೆದುಕೊಂಡು ಬಂದರು. ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಲ್ದಾಣದೊಳಕ್ಕೆ ಓಡುತ್ತಲೇ ಬಂದದ್ದು ನನಗೆ ದೂರದಿಂದ ಕಾಣಿಸಿತು. ನಾನು ಮನೆ ಬಿಟ್ಟು ಹೊರಟಿದ್ದೇನೆ ಎಂದು ತಿಳಿದಿದ್ದರು. ನನ್ನ ಕೈಯಲ್ಲಿ ಶಾಲೆಯ ಬ್ಯಾಗು ಬಿಟ್ಟರೆ ಬೇರೇನೂ ಇಲ್ಲದ್ದನ್ನು ನೋಡಿದ ಮೇಲೆ ಅವರ ಮುಖ ಸಡಿಲವಾಯಿತು.

"ಏನಾತು? ಯಾರರ ಏನರ ಅಂದ್ರೇನು? ಅವ್ವ ಅಂದಳೇನು?"

"ಯಾರೂ ಏನೂ ಅಂದಿಲ್ರಿ."

"ಮತ್ತ?"

"ಸಾಕಾಗೈತ್ರಿ. ಅಷ್ಟ. ಏಳಾಕ ಆಗವಲ್ದು."

ಅವರು ಪಕ್ಕದಲ್ಲಿ ಕುಳಿತರು. ಏನಾದರೂ ಹೇಳುತ್ತಾರೆ ಎಂದು ಕಾದೆ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಬಸ್ಸುಗಳನ್ನೇ ನೋಡುತ್ತಿದ್ದರು. "ನನಗೂ ಸಾಕಾಗೈತಿ" ಎಂದರು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಕಂಬಕ್ಕೆ ತಲೆ ಆನಿಸಿ ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದರು. ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುತ್ತಿದ್ದರು, ಪಕ್ಕದಲ್ಲೇ ಒಂದು ಬಸ್ಸು ಹಾರ್ನು ಹೊಡೆಯಿತು. ಅವರಿಗೆ ಎಚ್ಚರವಾಗಲಿಲ್ಲ. ಮನೆಯಲ್ಲಿ ಒಂದು ಚಮಚ ಬಿದ್ದರೆ ಎದ್ದು ಕೂರುವ ಮನುಷ್ಯ. ನಾನು ಎಬ್ಬಿಸಲಿಲ್ಲ. ಹೆಲ್ಮೆಟ್ಟು ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಕುಳಿತೆ.

ಅವರ ಹಿಂದೆ ಬೈಕಿನಲ್ಲಿ ಕುಳಿತು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಅತ್ತೆ ಏನೂ ಕೇಳಲಿಲ್ಲ. ರೊಟ್ಟಿ ಮಾಡಿಟ್ಟಿದ್ದರು. ಮಗಳು ಮಾತ್ರ, "ಮಮ್ಮಿ, ಬಸ್ ಸ್ಟ್ಯಾಂಡನ್ಯಾಗ ಯಾರಿಗೆ ಕಾಯಾಕತ್ತಿದ್ದಿ?" ಎಂದು ಮೂರ್ನಾಲ್ಕು ಸಲ ಕೇಳಿದಳು.

ಆ ವಾರವೇ ಗಂಡ ಹಟ ಹಿಡಿದು ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಆಕೆ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ರಕ್ತ ಕಡಿಮೆ ಇದೆ ಎಂದು ಗುಳಿಗೆ ಬರೆದುಕೊಟ್ಟರು. "ನಿದ್ದಿ ಎಷ್ಟು ಮಾಡ್ತೀರಿ?" ಎಂದು ಕೇಳಿದರು. ನಾನು ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ಗುಳಿಗಿ ನಾ ಕೊಡ್ತೀನ್ರಿ, ನಿದ್ದಿ ನೀವ ಮಾಡಬೇಕು" ಎಂದು ಡಾಕ್ಟರಮ್ಮ ಮುಂದಿನವರನ್ನು ಕರೆದರು.

ಮಾಡಬೇಕು ಸರಿ, ಎಲ್ಲಿ ಮಾಡುವುದು? ಅದಕ್ಕೆ ಮೊದಲ ಉತ್ತರ ಸಿಕ್ಕಿದ್ದು ನಾನು ಎಣಿಸಿರದ ಕಡೆ.

ನಮ್ಮ ಶಾಲೆಯ ಹಿಂದಿ ಟೀಚರು ಕ್ಯಾಂಪಿನವರೇ. ಅವರ ಹಿರಿಯರು ಬಂಗಾಳದ ಕಡೆಯಿಂದ ನಿರಾಶ್ರಿತರಾಗಿ ಬಂದು ಇಲ್ಲಿ ನೆಲೆ ನಿಂತವರು. ಟೀಚರು ಹುಟ್ಟಿದ್ದು ಇಲ್ಲೇ, ಮಾತು ನಮ್ಮದೇ. ಮನೆ ಶಾಲೆಯ ಹಿಂದಿನ ಬೀದಿಯಲ್ಲಿ. ಬಸ್ಸಿನ ಕಥೆಯನ್ನು ನಗುತ್ತಾ ಅವರಿಗೆ ಹೇಳಿದೆ. ಅವರು ನಗಲಿಲ್ಲ.

"ಊಟದ ಬಿಡುವಿನ್ಯಾಗ ನನ್ನ ಜೋಡಿ ನಡೀರಿ ಮನೀಗೆ. ಅರ್ಧ ತಾಸು ಮಕ್ಕೊಳ್ರಿ. ನಾನೂ ದಿನಾ ಮಕ್ಕಂತೀನಿ."

"ದಿನಾನಾ?"

"ಮತ್ತೇನ್ರಿ! ಮಕ್ಕೊಳ್ಳಿಲ್ಲಾಂದ್ರ ನಮ್ಮತ್ತಿ ಬೈತಾರ."

ಸೊಸೆ ಮಲಗದಿದ್ದರೆ ಅತ್ತೆ ಬೈಯುತ್ತಾರೆಂಬುದನ್ನು ನಾನು ನಂಬಲಿಲ್ಲ. ಹೋಗಿ ನೋಡಿದೆ. ಅಂಗಳದಲ್ಲಿ ಬಾಳೆ, ಒಂದು ಸಣ್ಣ ಹೊಂಡ, ತುಳಸಿಕಟ್ಟೆ. ಬಿಳಿ ಸೀರೆಯ ಮುದುಕಿ ಅನ್ನ ಬಡಿಸಿ, ಮೀನು ತಿನ್ನುವುದಿಲ್ಲ ಎಂದಾಗ ನನ್ನನ್ನು ಪಾಪ ಅನ್ನುವಂತೆ ನೋಡಿ, ಬೇಳೆ ಹಾಕಿದರು. ಊಟ ಮುಗಿದದ್ದೇ ತಡ, ನಡುಮನೆಯಲ್ಲಿ ಚಾಪೆ ಹಾಸಿ, ಕಿಟಕಿಯ ಪರದೆ ಎಳೆದು, ಬೆರಳು ತೋರಿಸಿ ಹುಕುಂ ಕೊಟ್ಟರು: "ಮಲಗು."

ನಾನು ಸಂಕೋಚದಿಂದ ಗೋಡೆಗೆ ಒರಗಿ ಕುಳಿತೆ. ಮುದುಕಿ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದ್ದನ್ನು ಸೊಸೆ ಬಿಡಿಸಿ ಹೇಳಿದರು. ಅವರು ಇಲ್ಲಿಗೆ ಬಂದ ಹೊಸದರಲ್ಲಿ ನೆಲ ಪೂರಾ ಜಾಲಿ ಮುಳ್ಳಂತೆ. ತಾಡಪಾಲಿನ ಕೆಳಗೆ ಸಂಸಾರ. ಬೆಳಗಿನಿಂದ ಮುಳ್ಳು ಕಡಿಯುವುದು, ಕೈಯೆಲ್ಲ ಗಾಯ. ಆದರೂ ಮಧ್ಯಾಹ್ನ ಅನ್ನ ಉಂಡ ಮೇಲೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಆ ಕಾದ ತಾಡಪಾಲಿನ ಕೆಳಗೆ ಅಡ್ಡಾಗುತ್ತಿದ್ದರು. ಸುತ್ತಲಿನ ಊರವರು ನೋಡಿ ಇವರೆಂಥ ಸೋಮಾರಿಗಳು ಎಂದು ನಕ್ಕಿದ್ದರಂತೆ. "ನಮ್ಮವ್ವ ಹಿಂಗ ಮಾಡ್ತಿದ್ದಳು, ನಾವೂ ಮಾಡಿದ್ವಿ. ಅದಕ್ಕ ಯಾರ ಪರ್ವಾನಗಿ ಬೇಕು?" ಎಂದು ಮುದುಕಿ ಸೊಸೆಯ ಬಾಯಲ್ಲಿ ನನ್ನನ್ನು ಕೇಳಿದರು. ಉತ್ತರಕ್ಕೆ ಕಾಯದೆ ಪಕ್ಕದ ಚಾಪೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಮೊದಲ ದಿನ ನಿದ್ದೆ ಬರಲಿಲ್ಲ. ಬೇರೆಯವರ ಮನೆಯ ಜಂತಿ ಎಣಿಸುತ್ತಾ ಮಲಗಿದ್ದೆ. ಮರುದಿನ ಹೋಗುವುದೇ ಬೇಡವೆಂದಿದ್ದೆ, ಟೀಚರು ಬಿಡಲಿಲ್ಲ. ಆ ವಾರದ ಕೊನೆಗೆ ಒಂದು ದಿನ ಎಚ್ಚರವಾದಾಗ ನಾನು ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ. ಬಾಯಿಯ ಪಕ್ಕ ಜೊಲ್ಲು. ಮುದುಕಿ ತಾಮ್ರದ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದರು. ಆ ಮಧ್ಯಾಹ್ನದ ಪಾಠ ನಾನು ಚೆನ್ನಾಗಿ ಮಾಡಿದೆ. ಬೋರ್ಡಿನ ಮೇಲಿನ ನನ್ನ ಅಕ್ಷರ ನನಗೇ ಚಂದ ಕಂಡಿತು.

ಆದರೆ ಶಾಲೆಯ ಅರ್ಧ ತಾಸು ಮನೆಯ ದಣಿವಿಗೆ ಸಾಲುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಖೋಲಿಯ ಬಾಗಿಲು ಹಾಕಿಕೊಂಡು ಮಲಗುತ್ತೇನೆ ಎಂದು ಗಂಡನಿಗೆ ಹೇಳಿದೆ. "ಮಲಕ್ಕೊ, ಯಾರು ಬ್ಯಾಡಂತಾರ?" ಎಂದರು. ಹೌದು, ಯಾರೂ ಬೇಡ ಅನ್ನುವುದಿಲ್ಲ. ಆದರೂ ಆಗುವುದಿಲ್ಲ. ಮೊದಲ ಭಾನುವಾರ ಮಗ ಬಾಗಿಲ ಬುಡದಲ್ಲಿ ಕುಳಿತು ಸಂದಿಯಲ್ಲಿ ಬೆರಳು ತೂರಿಸಿ "ಮಮ್ಮೀ" ಎಂದು ಒಂದೇ ಸಮ ಕರೆದ. ಎದ್ದು ಬಂದೆ. ಇನ್ನೊಂದು ಭಾನುವಾರ ಅತ್ತೆ ಬಾಗಿಲು ತಟ್ಟಿ, "ಮಕ್ಕಂಡಿಯೇನು? ಮಕ್ಕೊ ಮಕ್ಕೊ. ಶೇಂಗಾ ಪುಡಿ ಎಲ್ಲಿಟ್ಟೀದಿ ಅಷ್ಟ ಹೇಳು" ಎಂದರು. ಮತ್ತೊಂದು ವಾರ ಯಾರೂ ಕರೆಯಲಿಲ್ಲ, ಆದರೂ ನಿದ್ದೆ ಬರಲಿಲ್ಲ. ಹೊರಗಿನ ಪ್ರತಿ ಸದ್ದಿಗೂ ಕಿವಿ ತಾನೇ ನಿಮಿರುತ್ತಿತ್ತು. ಕುಕ್ಕರಿನ ಸೀಟಿ, ನಳ ಸುರಿಯುವುದು, ಮಗ ಏನನ್ನೋ ಎಳೆಯುವುದು. ಮಲಗಿದಲ್ಲೇ ಮನೆಕೆಲಸ ಮಾಡುತ್ತಿದ್ದೆ. ಸಂಜೆ ಎದ್ದಾಗ ಮೊದಲಿಗಿಂತ ಹೆಚ್ಚು ದಣಿದಿದ್ದೆ. ವಿಶ್ರಾಂತಿಯೂ ಕಲಿಯಬೇಕಾದ ಕೆಲಸವೆಂದು ಆಗ ತಿಳಿಯಿತು. ನಾನು ಅದರಲ್ಲಿ ದಡ್ಡಿ.

ಅಂಥ ಒಂದು ಭಾನುವಾರ ಕೆಳಗಿನ ಮನೆಯ ಹೆಂಗಸು ಮೇಲೆ ಬಂದು ಬಾಗಿಲು ಬಡಿದಳು. ಅವಳಿಗೆ ಮಿಕ್ಸಿಯ ಜಾರು ಬೇಕಿತ್ತು. ಖೋಲಿಯಲ್ಲಿ ಕಣ್ಣು ಮುಚ್ಚಿ ಎಚ್ಚರವಾಗಿಯೇ ಮಲಗಿದ್ದ ನನಗೆ ಮಗಳು ಓಡಿಹೋದದ್ದು ಕೇಳಿಸಿತು.

"ಮೆತ್ತಗ ಮಾತಾಡ್ರಿ. ಮಮ್ಮಿ ಮಲಗ್ಯಾಳ."

"ಈ ಹೊತ್ತಿನ್ಯಾಗ? ಆರಾಮಿಲ್ಲೇನು?"

"ಆರಾಮ್ ಅದಾಳ್ರಿ. ಸುಮ್ನ ಮಲಗ್ಯಾಳ."

ಕೆಳಗಿನವಳು ಪಿಸುಮಾತಿನಲ್ಲಿ ಏನೋ ಹೇಳಿ ಇಳಿದು ಹೋದಳು. ನಾನು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟೆ. ಯಾಕೆ ಅಳು ಬಂತೆಂದು ಈಗ ಕೇಳಿದರೂ ಸರಿಯಾಗಿ ಹೇಳಲಾರೆ. ಅತ್ತು ಅತ್ತು ನಿದ್ದೆ ಹತ್ತಿತು. ಹೊರಗೆ ಬಂದಾಗ ಅತ್ತೆ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿದ್ದರು. ಅವರ ಕಣ್ಣುಗಳು ಕೆಂಪಾಗಿದ್ದವು. ನಾನು ಅದನ್ನು ನೋಡಿದೆ, ಆದರೆ ಅದರ ಅರ್ಥ ಹೊಳೆಯಲು ಇನ್ನೂ ಕೆಲವು ದಿನ ಬೇಕಾಯಿತು.

ಎರಡನೇ ಬೆಳೆಯ ನಾಟಿಯ ಹೊತ್ತಿಗೆ ಅತ್ತೆ ತಮ್ಮ ಟ್ರಂಕಿನ ಧೂಳು ಒರೆಸಿದರು. ಊರಿಗೆ ಹೋಗುತ್ತೇನೆ ಎಂದರು. ಗಂಡ ಗಾಬರಿಯಾದರು.

"ನಾಟಿಗೆ ಆಳು ಸಿಕ್ಕಾವಂತಲ್ಲ ಅವ್ವಾ. ನೀ ಹೋಗಿ ಕೆಸರಾಗ ಇಳೀತಿಯೇನು ಈ ವಯಸ್ಸಿನ್ಯಾಗ?"

"ಇಳೀತೀನಿ. ನಿನ್ನ ಮಗನ್ನ ಹಿಡಿಯೋದಕಿಂತ ಕೆಸರು ಹಗುರ."

ಅದನ್ನು ನಗುತ್ತಲೇ ಹೇಳಿದರು. ಆದರೆ ಬಸ್ಸು ಹತ್ತಿಸಲು ಹೋದಾಗ ನನ್ನ ಕೈ ಹಿಡಿದು, "ಬ್ಯಾಸರ ಮಾಡ್ಕೊಬ್ಯಾಡ. ನನಗ ಸೊಂಟ ನೆಟ್ಟಗಾಗವಲ್ದು" ಎಂದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ತಲೆ ಭಾರವಾಗುತ್ತದೆ. ಮಗನನ್ನು ಕೆಳಗಿನ ಮನೆಯಲ್ಲಿ ಬಿಡುವುದು, ಕ್ಯಾಂಪಿನ ಚಾಪೆ ತಪ್ಪಿಸಿ ಊಟದ ಬಿಡುವಿನಲ್ಲಿ ಫೋನ್ ಮಾಡಿ ವಿಚಾರಿಸುವುದು. ಗಂಡನದು ರಾತ್ರಿ ಪಾಳಿ ಬಂದಾಗ ಅವರು ಹಗಲು ಮಲಗದೆ ಮಗನನ್ನು ನೋಡಿಕೊಂಡರು. ಒಂದು ದಿನ ಮನೆಗೆ ಬಂದರೆ ಬಾಗಿಲಿಗೆ ಅಡ್ಡಲಾಗಿ ಅವರು ನೆಲದ ಮೇಲೆ ನಿದ್ದೆ ಹೋಗಿದ್ದರು, ಮಗ ಓಡಿಹೋಗಬಾರದೆಂದು ಅವನ ಅಂಗಿಯ ತುದಿಯನ್ನು ತಮ್ಮ ಮಣಿಕಟ್ಟಿಗೆ ಗಂಟು ಹಾಕಿಕೊಂಡಿದ್ದರು. ಮಗ ಅಂಗಿ ಕಳಚಿ, ಬರಿಮೈಯಲ್ಲಿ ಅವರ ಹೊಟ್ಟೆಯ ಮೇಲೆ ಆಟಿಕೆಯ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಗು ಬರಬೇಕಿತ್ತು. ಗಂಡ ಎದ್ದು ಕುಳಿತು ಹೇಳಿದರು:

"ಅವ್ವ ಇದನ್ನ ದಿನಾ ಮಾಡಾಕತ್ತಿದ್ದಳು. ನಾವು ಕೇಳೇ ಇಲ್ಲ ನೋಡು."

ಶನಿವಾರ ಮಧ್ಯಾಹ್ನ ನಾಲ್ವರೂ ವಳಕಮದಿನ್ನಿಗೆ ಹೋದೆವು. ಅತ್ತೆ ಗದ್ದೆಯಲ್ಲಿರುತ್ತಾರೆ ಎಂದುಕೊಂಡಿದ್ದೆ. ಮನೆಯ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಮಲಗಿದ್ದರು. ನಾಟಿಗೆ ಇಳಿದೇ ಇರಲಿಲ್ಲವಂತೆ. ಬಂದ ದಿನದಿಂದ ಮಲಗಿಯೇ ಇದ್ದಾಳೆ, ಉಂಡು ಮತ್ತೆ ಮಲಗುತ್ತಾಳೆ ಎಂದು ಓರಗಿತ್ತಿ ಗುಟ್ಟಾಗಿ ಹೇಳಿದಳು. ನಮ್ಮನ್ನು ನೋಡಿ ಅತ್ತೆ ದಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡರು, ಕಳ್ಳತನದಲ್ಲಿ ಸಿಕ್ಕವರ ಹಾಗೆ.

"ಮಕ್ಕೊಳ್ರಿ ಅತ್ತಿ, ಏಳಬ್ಯಾಡ್ರಿ" ಎಂದೆ.

ಗಂಡ ಮಕ್ಕಳಿಬ್ಬರನ್ನೂ ಕಾಲುವೆಯ ಕಡೆ ಕರೆದುಕೊಂಡು ಹೋದರು. ನಾನು ಅತ್ತೆಯ ಪಕ್ಕದಲ್ಲಿ ಕೌದಿಯ ತುದಿಗೆ ಕುಳಿತೆ. ಅವರು ನನ್ನ ತಲೆ ನೋಡಿ, "ಏನಿದು, ಹುಲ್ಲಿನ ಬಣವಿ ಆಗೈತಿ" ಎಂದು ಎದ್ದುಹೋಗಿ ಎಣ್ಣೆ ಬಟ್ಟಲು ತಂದರು. ಬೇಡವೆಂದರೂ ಕೇಳಲಿಲ್ಲ. ನನ್ನನ್ನು ಮುಂದೆ ಕೂರಿಸಿಕೊಂಡು ತಟ್ಟತೊಡಗಿದರು. ತಟ್ಟುತ್ತಾ ಹೇಳಿದರು:

"ನಿನ್ನ ಗಂಡ ಸಣ್ಣಾವಿದ್ದಾಗ ಬದುವಿನ ಮ್ಯಾಲ ಮಲಗಿಸಿ ನಾಟಿ ಹಚ್ತಿದ್ದೆ. ಅಂವಾ ಮಕ್ಕಂತಿದ್ದ. ನನಗ ನಿಂತಲ್ಲೇ ನಿದ್ದಿ ಬರ್ತಿತ್ತು. ಒಂದಿನ ಬಗ್ಗಿದಾಕಿ ಹಂಗ ಮುಂದಕ ಬಿದ್ದೆ. ಮಕ ಪೂರಾ ಕೆಸರು. ಎಲ್ಲಾರೂ ನಕ್ಕರು. ನಾನೂ ನಕ್ಕೆ."

"ಮಾವ ಏನಂದ್ರು?"

"ಅವರಿಗೆ ಹೇಳ್ಲಿಲ್ಲ. ಹೇಳಾಕ ಏನೈತಿ ಅದರಾಗ?" ಅಂಗೈಗೆ ಇನ್ನೊಂದಿಷ್ಟು ಎಣ್ಣೆ ಸುರಿದುಕೊಂಡು, "ನೀ ಬಸ್ ಸ್ಟ್ಯಾಂಡನ್ಯಾಗ ಸುಮ್ನ ಕುಂತೀನಿ ಅಂದಾಗ ನನಗ ಸಿಟ್ಟು ಬಂದಿತ್ತು. ಇಕಿ ಹೆಂಗ ಕುಂತಾಳಪಾ ಅಂತ. ನಾ ಎಂದೂ ಕುಂತಿಲ್ಲಲ್ಲ" ಎಂದರು.

ನಾನು ಹಿಂದೆ ತಿರುಗಲು ಹೋದೆ. ತಲೆ ಅಲುಗಿಸಬೇಡ ಎಂದು ಗದರಿದರು. ಎಣ್ಣೆ ಕಿವಿಯ ಹಿಂದೆ ಇಳಿಯಿತು. ಅವರ ಕೈ ನಿಧಾನವಾಯಿತು, ಆಮೇಲೆ ನಿಂತಿತು. ಅವರು ಮಲಗಿದರು, ನಾನೂ ಪಕ್ಕಕ್ಕೆ ಅಡ್ಡಾದೆ. ಎಣ್ಣೆಯ ತಲೆ ಕೌದಿಗೆ ತಾಗುತ್ತದೆ ಎಂದೆ. ತಾಗಲಿ ಎಂದರು.

ಅಲ್ಲಿ ಕುಳಿತು ಒಂದು ಏರ್ಪಾಡು ಮಾಡಿಕೊಂಡೆವು. ಅತ್ತೆ ಮಸ್ಕಿಗೆ ಬರುತ್ತಾರೆ. ಶನಿವಾರ ಮಧ್ಯಾಹ್ನ ಊರಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಹಿಂದಿರುಗುತ್ತಾರೆ. ಆ ಎರಡು ದಿನ ಅವರಿಗೆ ಯಾರೂ ಏನೂ ಹೇಳಬಾರದು. ಗಂಡನಿಗೆ ರಜೆ ಬಂದ ದಿನ ಮಧ್ಯಾಹ್ನ ಮಕ್ಕಳು ಅವರ ಜೊತೆ. ಬೆಟ್ಟ ಹತ್ತಿಸಲಿ, ಅಂಗಡಿಗೆ ಕರೆದೊಯ್ಯಲಿ, ನನ್ನನ್ನು ಮಾತ್ರ ಕರೆಯಬಾರದು. ಹೇಳುವಾಗ ಎಲ್ಲ ಸಲೀಸು. ನಡೆಸುವಾಗ ಹಾಗಲ್ಲ. ಅತ್ತೆ ಊರಿಗೆ ಹೋದರೆ ನನ್ನ ಭಾನುವಾರದ ನಿದ್ದೆ ಹೋಗುತ್ತದೆ. ಗಂಡನ ರಜೆ ಭಾನುವಾರವೇ ಬೀಳುವುದು ಅಪರೂಪ. ನನಗೆ ವಿಶ್ರಾಂತಿ ಸಿಕ್ಕಿತೆಂದರೆ ಅದು ಈ ಮನೆಯ ಇನ್ನೊಬ್ಬರ ಸೊಂಟದಿಂದ ಬಂದದ್ದು ಎಂಬುದು ಈಗ ಗೊತ್ತಿದೆ. ಗೊತ್ತಾದ ಮೇಲೆ ನಿದ್ದೆ ಇನ್ನಷ್ಟು ಕಷ್ಟವೂ ಆಗಿದೆ, ಸ್ವಲ್ಪ ಸಿಹಿಯೂ ಆಗಿದೆ. ಮುಂದಿನ ವರ್ಷ ಮಗ ಶಾಲೆಗೆ ಹೋಗುತ್ತಾನೆ. ಆಗ ಹಗುರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಗಳು ಶಾಲೆಗೆ ಹೊರಟಾಗಲೂ ಹಾಗೇ ಹೇಳಿದ್ದರು.

ಗುಳಿಗೆ ಮುಗಿದಿವೆ. ರಕ್ತ ಸ್ವಲ್ಪ ಏರಿದೆಯಂತೆ. ಹಿಮ್ಮಡಿಗೆ ಮುಲಾಮು ತಂದಿದ್ದೇನೆ, ನೆನಪಾದ ದಿನ ಹಚ್ಚಿಕೊಳ್ಳುತ್ತೇನೆ.

ಕಳೆದ ಭಾನುವಾರ ಗಂಡ ಬೆಳಗಿನ ಪಾಳಿಗೆ ಹೋಗಿದ್ದರು, ಅತ್ತೆ ಊರಲ್ಲಿದ್ದರು. ಊಟವಾದ ಮೇಲೆ ನಡುಮನೆಯ ನೆಲದ ಮೇಲೆಯೇ ಮಲಗಿದೆ. ಖೋಲಿಗೆ ಹೋಗಲಿಲ್ಲ, ಬಾಗಿಲು ಹಾಕಲಿಲ್ಲ. ಮಗ ಬಂದು ನನ್ನ ಕಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ, "ಅದೀಯಾ?" ಎಂದು ಕೇಳಿದ. ಅದೀನಿ ಎಂದೆ. ಅವನು ನನ್ನ ತೋಳಿನ ಮೇಲೆ ತಲೆಯಿಟ್ಟು, ಒಂದಿಷ್ಟು ಒದ್ದಾಡಿ, ನಿದ್ದೆ ಹೋದ. ಮಗಳು ಬಣ್ಣ ಹಚ್ಚುತ್ತಾ ಕುಳಿತಿದ್ದಳು. ನನಗೆ ನಿದ್ದೆ ಬರಲಿಲ್ಲ. ತೋಳು ಜೋಮು ಹಿಡಿಯಿತು. ಪರೀಕ್ಷೆಯ ಪೇಪರುಗಳ ಕಟ್ಟು ಮೇಜಿನ ಮೇಲೆ ಬಿಚ್ಚದೆ ಇತ್ತು, ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ತೆಗೆಯಬೇಕಿತ್ತು. ಏಳಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಹೋಗುವವರೆಗೂ ಹಾಗೇ ಬಿದ್ದುಕೊಂಡಿದ್ದೆ.